ತಪ್ಪು ಬ್ಯಾಟರಿಯದಲ್ಲ

ಹುಣಸೂರಿನ ಹಳೇ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಬ್ಯಾಟರಿ, ಯುಪಿಎಸ್ ಅಂಗಡಿ ಇಟ್ಟವನು ಉಮೈರ್. ಬೋರ್ಡಿನ ಮೇಲೆ ಈಗಲೂ ಅವನದೇ ಹೆಸರಿದೆ. ಆದರೆ ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣದ ಕಡೆಯಿಂದ ಫೋನ್ ಮಾಡುವವರು ಕೇಳುವುದು ಮಾತ್ರ “ಬ್ಯಾಟ್ರಿ ಅಕ್ಕ ಇದ್ದಾರಾ?” ಎಂದು.

ಬ್ಯಾಟ್ರಿ ಅಕ್ಕ ಎಂದರೆ ಉಮೈರನ ಹೆಂಡತಿ ನಿಖತ್. ಹುಟ್ಟಿದ್ದು ಕೃಷ್ಣರಾಜನಗರದಲ್ಲಿ. ತಂದೆ ಅಸದುಲ್ಲಾ ಮದುವೆ ಮನೆಗಳಿಗೆ ಗ್ಯಾಸ್ ಲೈಟು ಬಾಡಿಗೆಗೆ ಕೊಡುತ್ತಿದ್ದವರು. ಚಿಕ್ಕಂದಿನಲ್ಲಿ ಆ ಲೈಟುಗಳ ಗಾಜು ಒರೆಸುವುದು, ಪಂಪು ಹೊಡೆಯುವುದು ಅವಳ ಕೆಲಸ. ಪಿಯುಸಿ ಮುಗಿಸಿ, ಮದುವೆಯಾಗಿ ಹುಣಸೂರಿಗೆ ಬಂದ ಮೇಲೆ ಹತ್ತು ವರ್ಷ ಅವಳು ಅಂಗಡಿಯ ಮೆಟ್ಟಿಲು ಹತ್ತಿದ್ದು ಊಟದ ಡಬ್ಬಿ ಕೊಡುವುದಕ್ಕೆ ಮಾತ್ರ. ಆಮೇಲೊಂದು ದಿನ ಲಾರಿ ಬ್ಯಾಟರಿ ಎತ್ತಲು ಬಗ್ಗಿದ ಉಮೈರ್ ನೆಟ್ಟಗೆ ಏಳಲೇ ಇಲ್ಲ. ಬೆನ್ನುಮೂಳೆಯ ಡಿಸ್ಕ್ ಸರಿದಿದೆ, ಇನ್ನು ಮುಂದೆ ಹತ್ತು ಕೆಜಿಗಿಂತ ಹೆಚ್ಚು ಎತ್ತಬಾರದು ಎಂದರು ಡಾಕ್ಟರು. ಬ್ಯಾಟರಿ ಅಂಗಡಿಯಲ್ಲಿ ಹತ್ತು ಕೆಜಿಗಿಂತ ಹಗುರವಾದದ್ದು ಕುರ್ಚಿಯೊಂದೇ.

ಮೊದಮೊದಲು ನಿಖತ್ ಹೋಗುತ್ತಿದ್ದದ್ದು ಡಿಸ್ಟಿಲ್ಡ್ ವಾಟರ್ ಹಾಕಿ ಬರುವುದಕ್ಕೆ. ಬಾಗಿಲು ತೆರೆದವರು “ಯಜಮಾನ್ರು ಬರಲಿಲ್ವಾ?” ಎಂದು ಅವಳ ಬೆನ್ನ ಹಿಂದೆ ನೋಡುತ್ತಿದ್ದರು. ಅವಳು ಬ್ಯಾಟರಿಯ ಮುಚ್ಚಳ ಬಿಚ್ಚುತ್ತಿದ್ದಳು. ವರ್ಷ ಕಳೆಯುವುದರೊಳಗೆ ಮೀಟರು ಹಿಡಿಯಲು ಬಂತು, ಇನ್ನೊಂದು ವರ್ಷಕ್ಕೆ ಯುಪಿಎಸ್ ಬಿಚ್ಚಿ ಜೋಡಿಸಲು ಬಂತು. ಬುರ್ಖಾದ ಮೇಲೆ ಉಮೈರನ ಹಳೆಯ ಖಾಕಿ ಕೋಟು ಹಾಕಿಕೊಂಡು ಸ್ಕೂಟರ್ ಹತ್ತಿದರೆ ಅವಳನ್ನು ದೂರದಿಂದಲೇ ಗುರುತಿಸಬಹುದಿತ್ತು. ಆ ಕೋಟಿನ ತುಂಬ ಆಸಿಡ್ ಬಿದ್ದು ಸುಟ್ಟ ತೂತುಗಳು. ಉಮೈರ್ ಅಂಗಡಿಯಲ್ಲೇ ಕೂತು ಬೆಸುಗೆ ಹಾಕುತ್ತ, ಫೋನ್ ಎತ್ತುತ್ತ ನೆಮ್ಮದಿಯಾಗಿದ್ದ. ಹೀಗೆ ಒಂಬತ್ತು ವರ್ಷ ಆಯಿತು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಕೋಟೆ ತಾಲ್ಲೂಕಿನ ಕಲ್ಲುಮಂಟಿಯಿಂದ ಸಂಘಮಿತ್ರಳ ಫೋನ್ ಬಂತು. ಸಂಘಮಿತ್ರ ಆ ಊರಿನ ಲೈಬ್ರರಿ ನೋಡಿಕೊಳ್ಳುವ ಹುಡುಗಿ. ಎಂ.ಎ. ಓದಿದವಳು, ಮಾತು ಮೃದು. ಅವತ್ತು ಮಾತ್ರ ದನಿಯಲ್ಲಿ ಬೇಸರವಿತ್ತು.

“ನಿಖತಕ್ಕ, ನೀವು ಕೊಟ್ಟ ಬ್ಯಾಟ್ರಿ ಸತ್ತೋಗಿದೆ ಅನ್ಸುತ್ತೆ. ಎರಡೂಕಾಲಿಗೆ ಕರೆಂಟ್ ಹೋಗುತ್ತೆ, ನಾಲ್ಕು ಗಂಟೆಗೆಲ್ಲ ಕಂಪ್ಯೂಟರ್ ಆಫ್. ಇನ್ನೊಂದು ಬ್ಯಾಟ್ರಿ ತಗೋಬೇಕು ಅಂತ ಪಂಚಾಯ್ತಿಲಿ ಮಾತಾಡ್ತಾ ಇದಾರೆ.”

ನಿಖತ್‌ಗೆ ಮುಳ್ಳು ಚುಚ್ಚಿದ ಹಾಗಾಯಿತು. ಆ ಬ್ಯಾಟರಿ ಕೊಟ್ಟು ಇನ್ನೂ ಎಂಟು ತಿಂಗಳು. ಐದು ವರ್ಷ ಬಾಳುತ್ತದೆ ಎಂದು ಅವಳೇ ಬಾಯಿಬಿಟ್ಟು ಹೇಳಿದ್ದಳು.

“ಮಂಗಳವಾರ ಬತ್ತೀನಿ ಬುಡಮ್ಮ. ನಾನು ನೋಡೋವರ್ಗೂ ಯಾರೂ ಏನೂ ತಗೊಳೋದು ಬ್ಯಾಡ,” ಎಂದಳು.

ಮಂಗಳವಾರ ಹನ್ನೊಂದು ಗಂಟೆಗೆ ಕಲ್ಲುಮಂಟಿ ತಲುಪಿದಳು. ಲೈಬ್ರರಿ ಇರುವುದು ಹಳೆಯ ಹಾಲಿನ ಡೇರಿ ಕಟ್ಟಡದಲ್ಲಿ. ಒಂದು ಕಡೆ ಪುಸ್ತಕದ ಕಪಾಟು, ಇನ್ನೊಂದು ಕಡೆ ಮೇಜಿನ ಮೇಲೆ ಕಂಪ್ಯೂಟರ್, ಕೆಳಗೆ ಯುಪಿಎಸ್. ನಿಖತ್ ನೆಲದ ಮೇಲೆ ಕೂತು ಗಾಜಿನ ಪಿಚಕಾರಿಯಲ್ಲಿ ಆರೂ ಮುಚ್ಚಳದ ಆಸಿಡ್ ಎಳೆದು ನೋಡಿದಳು. ಎಲ್ಲ ಕಡೆಯೂ ಪಿಚಕಾರಿಯೊಳಗಿನ ತೇಲುಬುರುಡೆ, ಚಾರ್ಜ್ ತುಂಬಿದೆ ಎನ್ನುವ ಹಸಿರು ಗೆರೆಯ ಮೇಲೆಯೇ ನಿಂತಿತು. ಲೋಡ್ ಹಾಕಿ ಮೀಟರು ಹಿಡಿದು ನೋಡಿದಳು, ಅದರ ಮುಳ್ಳು ಕೆಳಗಿಳಿಯಲಿಲ್ಲ. ಬ್ಯಾಟರಿ ಮದುವಣಗಿತ್ತಿಯ ಹಾಗಿತ್ತು.

“ತಪ್ಪು ಇದರದ್ದಲ್ಲಮ್ಮ,” ಎಂದಳು, ಕೈ ಒರೆಸಿಕೊಳ್ಳುತ್ತ. “ಕೊಡ ಸೋರ್ತಾ ಇಲ್ಲ. ಕುಡಿಯೋರು ಯಾರೋ ಜಾಸ್ತಿ ಕುಡೀತಾ ಇದಾರೆ.”

ಚೀಲದಿಂದ ಅವಳು ಒಂದು ಪುಟ್ಟ ಮೀಟರು ತೆಗೆದಳು. ಗೋಡೆಯ ಪ್ಲಗ್ಗಿಗೂ ಉಪಕರಣಕ್ಕೂ ನಡುವೆ ಸಿಕ್ಕಿಸಿದರೆ ಎಷ್ಟು ವ್ಯಾಟ್ ಎಳೆಯುತ್ತಿದೆ ಎಂದು ತೋರಿಸುವ ಮೀಟರು. ಕರೆಂಟ್ ಇದ್ದಾಗಲೇ ಒಂದೊಂದನ್ನೂ ಅಳೆದಳು. ಇಂಟರ್ನೆಟ್ಟಿನ ಡಬ್ಬಿ ಒಂಬತ್ತು. ಪರದೆ ಇಪ್ಪತ್ತಾರು, ಅದಕ್ಕೇನೂ ಮಾಡಲಾಗದು, ನೋಡಬೇಕಲ್ಲ ಎಂದುಕೊಂಡಳು. ಕಂಪ್ಯೂಟರಿನ ಡಬ್ಬ ಎಪ್ಪತ್ತೆಂಟು. ಆಗ ಅದರ ಮುಂದೆ ಯಾರೂ ಕೂತಿರಲಿಲ್ಲ, ಏನೂ ಕೆಲಸ ನಡೆಯುತ್ತಿರಲಿಲ್ಲ. ಅಂಗಡಿಯಲ್ಲಿ ಬಿಲ್ಲು ಹಾಕುವ ತನ್ನ ಕಂಪ್ಯೂಟರೂ ಇಷ್ಟೇ ಹಳೆಯದು. ಸುಮ್ಮನೆ ಇದ್ದಾಗ ಅದು ನಲವತ್ತರ ಮೇಲೆ ಹೋಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

“ಸುಮ್ನೆ ಕೂತಿರೋನು ಇಷ್ಟು ಉಣ್ಣೋದಾ?”

ಆ ಕಂಪ್ಯೂಟರಿಗೆ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕಿಕೊಟ್ಟವರು ಕೃಷ್ಣರಾಜನಗರದ ಕಿರಣ್‌ಕುಮಾರ್, ಐಟಿಐಯಲ್ಲಿ ಪಾಠ ಹೇಳುವವರು. ಸಂಘಮಿತ್ರ ಅವರಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿಟ್ಟಳು.

“ಮೇಡಂ, ಹೊರಗಡೆಯಿಂದ ನಿಮ್ಮ ಮೀಟರು ಎಷ್ಟು ಅಂತ ಹೇಳುತ್ತೆ,” ಎಂದರು ಕಿರಣ್‌ಕುಮಾರ್. “ಯಾರು ಅಂತ ಒಳಗಡೆಯಿಂದಲೇ ಕೇಳ್ಬೇಕು. ಟರ್ಮಿನಲ್ ಅಂತ ಕಪ್ಪು ಕಿಟಕಿ ಒಂದಿದೆ, ತೆಗೀರಿ. ಟಾಪ್ ಅಂತ ಇಂಗ್ಲಿಷಲ್ಲಿ ಮೂರಕ್ಷರ ಹೊಡೆದು ಎಂಟರ್ ಒತ್ತಿ.”

ಕಪ್ಪು ಕಿಟಕಿ ತೆರೆಯಿತು. ಮೂರಕ್ಷರ ಬಿದ್ದದ್ದೇ ತಡ, ಸಾಲು ಸಾಲು ಹೆಸರುಗಳು ಮೇಲೆ ಕೆಳಗೆ ಜಾಗ ಬದಲಿಸುತ್ತ ನಿಂತವು. ಯಾವ ಪ್ರೋಗ್ರಾಂ ಎಷ್ಟು ದುಡಿಯುತ್ತಿದೆ ಎಂಬ ಹಾಜರಿ ಪಟ್ಟಿ ಅದು. ಹೆಚ್ಚಿನವುಗಳ ಮುಂದೆ ಸೊನ್ನೆ. ಎಲ್ಲಕ್ಕಿಂತ ಮೇಲೆ ಕೂತ ಒಂದರ ಮುಂದೆ ನೂರಕ್ಕೆ ತೊಂಬತ್ತೊಂಬತ್ತು. ಅದು ಕೆಳಗಿಳಿಯುತ್ತಲೇ ಇರಲಿಲ್ಲ.

ನಿಖತ್ ಆ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿ ಹೇಳಿದಳು. ಕಿರಣ್‌ಕುಮಾರ್ ಅತ್ತ ಕಡೆ ನಕ್ಕರು. “ಫೈಲುಗಳನ್ನೆಲ್ಲ ಓದಿ ಪಟ್ಟಿ ಮಾಡಿಡೋನು ಅವನು. ಯಾವುದೋ ಕೆಟ್ಟ ಫೈಲು ಸಿಕ್ಕಿದೆ, ಅದನ್ನೇ ಓದಕ್ಕೋಗಿ ಓದಕ್ಕೋಗಿ ಸುತ್ತು ಹೊಡೀತಾ ಇದಾನೆ. ನಿಲ್ಸಿ ಅವನನ್ನ.” ನಿಲ್ಲಿಸುವ ಆಜ್ಞೆಯನ್ನೂ ಹೇಳಿಕೊಟ್ಟರು.

ನಿಖತ್ ಎಂಟರ್ ಒತ್ತಿ ಮೀಟರಿನ ಕಡೆ ತಿರುಗಿದಳು. ಎಪ್ಪತ್ತೆಂಟು ಇದ್ದದ್ದು ಎಪ್ಪತ್ತಾಯಿತು, ಅರವತ್ಮೂರಾಯಿತು, ಐವತ್ತೇಳಕ್ಕೆ ಬಂದು ನಿಂತಿತು. ಡಬ್ಬದೊಳಗೆ ಅಲ್ಲಿಯವರೆಗೆ ಗುಯ್ಯೆನ್ನುತ್ತಿದ್ದ ಫ್ಯಾನು ಮೆಲ್ಲಗೆ ತಣ್ಣಗಾಯಿತು. ಒಂಬತ್ತು ವರ್ಷ ತಂತಿ ಮುಟ್ಟಿ, ಆಸಿಡ್ ಮುಟ್ಟಿ ಕೆಲಸ ಮಾಡಿದ್ದ ಅವಳಿಗೆ, ಏನನ್ನೂ ಬಿಚ್ಚದೆ ಬರೀ ಅಕ್ಷರ ಹೊಡೆದು ಇಪ್ಪತ್ತೊಂದು ವ್ಯಾಟ್ ಇಳಿಸಿದ್ದು ನಂಬಲಾಗಲಿಲ್ಲ. ಸಂಘಮಿತ್ರಳ ತೋಳು ಹಿಡಿದು ಅಲ್ಲಾಡಿಸಿದಳು.

“ನೋಡ್ದ್ಯಾ! ನೋಡ್ದ್ಯಾ ನೀನು!”

ಆಮೇಲೆ ಕಿರಣ್‌ಕುಮಾರ್ ಇನ್ನೊಂದು ಆಜ್ಞೆ ಹೇಳಿದರು. ಕಂಪ್ಯೂಟರಿನ ಮಿದುಳು ಕೆಲಸವಿರಲಿ ಇಲ್ಲದಿರಲಿ ಪೂರ್ತಿ ವೇಗದಲ್ಲಿ ಓಡುವಂತೆ ಯಾರೋ ಮಾಡಿಟ್ಟಿದ್ದರು. ಅದನ್ನು ಕೆಲಸಕ್ಕೆ ತಕ್ಕ ವೇಗಕ್ಕೆ ಇಳಿಸಿದ್ದಕ್ಕೆ ಐವತ್ತೇಳು ಹೋಗಿ ಐವತ್ತೊಂದಾಯಿತು. ಕೊನೆಗೆ ಪವರ್‌ಟಾಪ್ ಎಂಬ ಇನ್ನೊಂದು ಪ್ರೋಗ್ರಾಮನ್ನು ಹಾಕಿಸಿಕೊಟ್ಟು, ಕ್ಲಾಸಿಗೆ ಹೊತ್ತಾಯಿತೆಂದು ಫೋನ್ ಇಟ್ಟರು. ಇಡುವ ಮುಂಚೆ, “ಒಂದೊಂದೇ ಬದಲಾಯ್ಸಿ ಮೇಡಂ, ಪ್ರತಿ ಸಲ ಮೀಟರ್ ನೋಡಿ,” ಎಂದಿದ್ದರು.

ಪವರ್‌ಟಾಪಿನಲ್ಲಿ ಒಂದು ಪಟ್ಟಿಯಿತ್ತು. ಬಳಸದೆ ಇರುವಾಗಲೂ ಎಚ್ಚರವಾಗಿಯೇ ಇರುವ ಭಾಗಗಳ ಮುಂದೆಲ್ಲ ‘ಬ್ಯಾಡ್’ ಎಂದು ಬರೆದಿತ್ತು. ಎಂಟರ್ ಒತ್ತಿದರೆ ಅದು ‘ಗುಡ್’ ಆಗುತ್ತಿತ್ತು. ನಿಖತ್‌ಗೆ ಉತ್ಸಾಹ ಬಂದಿತ್ತು. ಒಂದೊಂದೇ ಎನ್ನುವುದನ್ನು ಮರೆತು ಮೇಲಿನಿಂದ ಕೆಳಗಿನವರೆಗೆ ಹದಿನಾಲ್ಕನ್ನೂ ಟಕಟಕ ಎಂದು ಗುಡ್ ಮಾಡಿಬಿಟ್ಟಳು. ಮೀಟರು ನಲವತ್ನಾಲ್ಕು ತೋರಿಸಿತು. ಎರಡು ಸೆಕೆಂಡು ಬಿಟ್ಟು ಮೌಸ್ ನಿಂತುಹೋಯಿತು.

ಸಂಘಮಿತ್ರ ಮೌಸನ್ನು ಎಳೆದಳು, ಕುಕ್ಕಿದಳು. ಗುಂಡಿ ಒತ್ತಿದರೆ ಬಾಣದ ಗುರುತು ಒಂದು ಸಲ ಹಾರಿ ಮತ್ತೆ ಮಲಗುತ್ತಿತ್ತು. “ಅಕ್ಕಾ, ನನ್ನ ಕಂಪ್ಯೂಟ್ರು!” ಎಂದಳು, ಕಣ್ಣಲ್ಲಿ ನೀರು ತುಂಬಿ.

“ಅಳ್ಬೇಡ ಕಣಮ್ಮ. ಎಲ್ಲರ ಜೊತೆ ಇದನ್ನೂ ಮಲಗಿಸಿಬಿಟ್ಟೆ ನಾನು,” ಎಂದಳು ನಿಖತ್. ತನ್ನ ಮೇಲೇ ಅವಳಿಗೆ ನಾಚಿಕೆಯಾಗಿತ್ತು. ಹೊಸ ಮನೆಗೆ ಯುಪಿಎಸ್ ಜೋಡಿಸುವಾಗ ಒಂದು ಸ್ವಿಚ್ಚು ಹಾಕಿ, ನೋಡಿ, ಆಮೇಲೆ ಇನ್ನೊಂದು ಹಾಕು ಎಂದು ಗಂಡ ಹೇಳಿಕೊಟ್ಟಿದ್ದ. ಅದನ್ನು ಒಂಬತ್ತು ವರ್ಷದಲ್ಲಿ ಒಂದು ದಿನವೂ ಮೀರಿದವಳಲ್ಲ. ಕೀಲಿಮಣೆಯ ಬಾಣದ ಗುಂಡಿಗಳಲ್ಲೇ ಪಟ್ಟಿಯ ಮೇಲೆ ಹತ್ತಿಳಿದು, ಮೌಸಿನ ಸಾಲನ್ನು ಹುಡುಕಿ, ಅದೊಂದನ್ನು ಮತ್ತೆ ಬ್ಯಾಡ್ ಮಾಡಿದಳು. ಬಾಣ ಓಡಾಡಿತು. ಮೀಟರಿನಲ್ಲಿ ವ್ಯತ್ಯಾಸವೇ ಆಗಲಿಲ್ಲ. ಸಂಘಮಿತ್ರ ಕಣ್ಣೊರೆಸಿಕೊಂಡು ನಗುತ್ತ ಬುತ್ತಿ ಬಿಚ್ಚಿದಳು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಇಬ್ಬರೂ ಹಂಚಿಕೊಂಡು ಉಂಡರು.

ಎರಡೂಕಾಲಿಗೆ ಕರೆಂಟ್ ಹೋಯಿತು. ನಿಖತ್ ಹೊರಡಬಹುದಿತ್ತು. ಎಷ್ಟು ಹೊತ್ತು ತಡೆಯುತ್ತದೆ ನೋಡಿಯೇ ಹೋಗುತ್ತೇನೆಂದು ಕೂತಳು.

ನಾಲ್ಕು ಗಂಟೆಗೆ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಬಂದವಳು ಸಣ್ಣತಾಯಮ್ಮ, ಅವಳ ಹಿಂದೆ ಐದಾರು ಹೆಂಗಸರು. ಸಣ್ಣತಾಯಮ್ಮನಿಗೆ ಎಪ್ಪತ್ತರ ಹತ್ತಿರ. ನಲವತ್ತನೇ ವಯಸ್ಸಿನಲ್ಲಿ ವಯಸ್ಕರ ಶಾಲೆಯಲ್ಲಿ ಅಕ್ಷರ ಕಲಿತು, ಅಲ್ಲಿಂದ ಇಪ್ಪತ್ತೈದು ವರ್ಷ ದಿನಾ ಪೇಪರು ಓದಿ ಕೇರಿಯವರಿಗೆಲ್ಲ ಸುದ್ದಿ ಹೇಳುತ್ತಿದ್ದವಳು. ಮೂರು ವರ್ಷದಿಂದೀಚೆಗೆ ಕಣ್ಣಿನ ನರ ಸೋತು ಅಕ್ಷರ ಕಾಣುತ್ತಿರಲಿಲ್ಲ. ಅವಳಿಗಾಗಿಯೇ ಸಂಘಮಿತ್ರ, ಕನ್ನಡ ಬರಹವನ್ನು ಗಟ್ಟಿಯಾಗಿ ಓದುವ ಒಂದು ಪ್ರೋಗ್ರಾಂ ಹಾಕಿಸಿದ್ದಳು. ಹೊಲದ ಕೆಲಸ ಮುಗಿಸಿ ಹೆಂಗಸರು ಬರುವುದು ನಾಲ್ಕಕ್ಕೆ. ಆ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ಆರುತ್ತಿದ್ದುದರಿಂದ ತಿಂಗಳಿಂದ ಓದೇ ನಡೆದಿರಲಿಲ್ಲ. ಆದರೂ ಸಣ್ಣತಾಯಮ್ಮ ದಿನಾ ಬಂದು ವಿಚಾರಿಸಿ ಹೋಗುತ್ತಿದ್ದಳು.

“ಏನವ್ವ, ಇವತ್ತೂ ನಿದ್ದೆ ಹೋದ್ನಾ ನಿನ್ ಮೂಗಿನಯ್ಯ?” ಎಂದಳು. ಆ ಪ್ರೋಗ್ರಾಂ ಮೂಗಿನಲ್ಲಿ ಮಾತಾಡುತ್ತದೆಂದು ಅವಳು ಇಟ್ಟ ಹೆಸರು ಅದು.

“ಇಲ್ಲ ಅಜ್ಜಿ, ಎದ್ದಿದಾನೆ. ಕೂತ್ಕೊಳಿ,” ಎಂದಳು ಸಂಘಮಿತ್ರ.

ಮೂಗಿನಯ್ಯ ಶುರು ಮಾಡಿದ. ಕಬಿನಿ ನೀರಿನ ಮಟ್ಟ, ಶುಂಠಿಯ ಧಾರಣೆ, ಯಾವುದೋ ಊರಲ್ಲಿ ಆನೆ ಬಾಳೆತೋಟಕ್ಕೆ ನುಗ್ಗಿದ್ದು. ‘ಅಣೆಕಟ್ಟೆ’ಯನ್ನು ಅವನು ಮುರಿದು ಮುರಿದು ಓದಿದಾಗ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಐದು ದಾಟಿತು. ಐದೂಹತ್ತಕ್ಕೆ ಯುಪಿಎಸ್ ‘ಪೀ’ ಎಂದು ಕೂಗತೊಡಗಿತು. ಇನ್ನು ಸ್ವಲ್ಪ ಹೊತ್ತು ಅಷ್ಟೆ ಎಂಬ ಕೂಗು.

ನಿಖತ್‌ಳ ಮುಖ ಸಣ್ಣಗಾಯಿತು. ಡಬ್ಬದಲ್ಲಿ ಇಳಿಸಬಹುದಾದದ್ದನ್ನೆಲ್ಲ ಇಳಿಸಿಯಾಗಿತ್ತು. ಓದಬೇಕಾದ ಸುದ್ದಿ ಇನ್ನೂ ಅರ್ಧದಷ್ಟು ಬಾಕಿಯಿತ್ತು. “ಅಜ್ಜಿ, ಇನ್ನು ಜಾಸ್ತಿ ಹೊತ್ತು ಬರಲ್ಲ. ಪರದೆಗೇ ಇಪ್ಪತ್ತಾರು ಹೋಗುತ್ತೆ, ನಾನೇನ್ ಮಾಡ್ಲಿ?” ಎಂದಳು.

“ಪರದೆ ಅಂದ್ರೆ ಯಾವ್ದವ್ವ? ಆ ಬೆಳ್ಳಗೆ ಚೌಕ್ವಾಗಿ ಕಾಣ್ತದಲ್ಲ, ಅದಾ?”

“ಹೂಂ ಅಜ್ಜಿ.”

“ಮತ್ತೆ ಅದನ್ಯಾಕೆ ಉರಿಯಾಕ್ ಬುಟ್ಟಿದ್ದೀಯೆ? ನಾನು ಕೇಳೋಳು ಕಣವ್ವ, ನೋಡೋಳಲ್ಲ. ಇವ್ರ್ಯಾರೂ ಅದ್ನ ನೋಡ್ತಿಲ್ಲ. ಆ ಬೆಳ್ಕು ಯಾರಿಗೆ?”

ನಿಖತ್ ಎದ್ದುಹೋಗಿ ಪರದೆಯ ಕೆಳಗಿನ ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು, ಮೂಗಿನಯ್ಯ ಒಂದಕ್ಷರವೂ ತಪ್ಪದೆ ಓದುತ್ತಲೇ ಇದ್ದ. ಹೊರೆ ಇಳಿದ ಬ್ಯಾಟರಿ ಚೇತರಿಸಿಕೊಂಡು ಯುಪಿಎಸ್‌ನ ಕೂಗು ನಿಂತಿತು. ಕಿಟಕಿಯಿಂದ ಬರುವ ಬಿಸಿಲಿನಲ್ಲಿ ಹೆಂಗಸರು ಗೋಡೆಗೊರಗಿ ಕೂತು ಕೊನೆಯ ಸುದ್ದಿಯವರೆಗೂ ಕೇಳಿದರು.

ಹುಣಸೂರಿಗೆ ವಾಪಸು ಬರುವಾಗ ದಾರಿಯುದ್ದಕ್ಕೂ ನಿಖತ್ ಒಬ್ಬಳೇ ನಗುತ್ತಿದ್ದಳು. ತಾನು ಅಷ್ಟೊಂದು ಆಜ್ಞೆ ಹೊಡೆದು ಮೂವತ್ನಾಲ್ಕು ವ್ಯಾಟ್ ಇಳಿಸಿದ್ದರೆ, ಒಂದೇ ಗುಂಡಿಯಿಂದ ಅಜ್ಜಿ ಇಪ್ಪತ್ತಾರು ಉಳಿಸಿದ್ದಳು.

ಉಮೈರನಿಗೆ ಎಲ್ಲ ಹೇಳಿದಳು. ಅವನು ಬೆಸುಗೆಯ ಕಡ್ಡಿ ಕೆಳಗಿಟ್ಟು ಮನೆಯ ಉರ್ದುವಿನಲ್ಲಿ ರೇಗಿಸಿದ: “ಬ್ಯಾಟರಿ ಅಂಗಡಿ ಇಟ್ಟುಕೊಂಡು, ಬ್ಯಾಟರಿ ಬೇಡ ಅಂತ ಹೇಳಿ ಬಂದೆಯಾ? ಪಂಚಾಯ್ತಿಯವರೇ ತಗೊಳ್ಳೋಕೆ ರೆಡಿ ಇದ್ದರಲ್ಲ!”

“ಬೇಡದವರಿಗೆ ಕೊಟ್ಟರೆ ಎಂಟು ತಿಂಗಳು ಬಿಟ್ಟು ಅದೂ ಸತ್ತುಹೋಯಿತು ಅಂತ ಫೋನ್ ಬರುತ್ತೆ. ಆಗ ನೀವೇ ಎತ್ತಿ,” ಎಂದಳು.

ಉಮೈರ್ ನಕ್ಕು ಚಹಾ ತರಿಸಿದ.

ಸಂತೋಷ ಬಹಳ ದಿನ ನಿಲ್ಲಲಿಲ್ಲ. ಗುರುವಾರ ಸಂಜೆ ಸಂಘಮಿತ್ರ ಮತ್ತೆ ಫೋನ್ ಮಾಡಿದಳು. “ಅಕ್ಕ, ಬುಧವಾರ ಬೆಳಿಗ್ಗೆ ಆನ್ ಮಾಡ್ದಾಗ್ಲಿಂದ ಮತ್ತೆ ಹಳೇ ಕಥೆ. ಫ್ಯಾನು ಗುಯ್ ಅಂತಿದೆ. ನಾಲ್ಕಕ್ಕೇ ಹೋಯ್ತು.” ನಿಖತ್‌ಗೆ ರಾತ್ರಿ ಅನ್ನ ಸೇರಲಿಲ್ಲ. ತಾನು ತಿಳಿದದ್ದೆಲ್ಲ ಸುಳ್ಳಾಯಿತೇನೋ ಎನ್ನಿಸಿತು. ಬೆಳಿಗ್ಗೆ ತಾನೇ ಕಿರಣ್‌ಕುಮಾರರಿಗೆ ಫೋನ್ ಮಾಡಿದಳು.

“ತಪ್ಪು ನಂದು ಮೇಡಂ,” ಎಂದರು ಅವರು. “ಕಂಪ್ಯೂಟರ್ ಆರಿಸಿ ಹತ್ತಿಸಿದ್ರೆ ಇವೆಲ್ಲ ಮರೆತುಹೋಗುತ್ತೆ ಅನ್ನೋದನ್ನ ಹೇಳೋದೇ ಬಿಟ್ಟೆ. ಆ ಪಟ್ಟಿ ಮಾಡೋನೂ ಬೆಳಿಗ್ಗೆ ಎದ್ದ ಕೂಡ್ಲೆ ಕೆಟ್ಟ ಫೈಲಿಗೆ ಕೈ ಹಾಕ್ತಾನೆ. ಹತ್ತಿಸಿದಾಗಲೆಲ್ಲ ತಾನಾಗೇ ನಡೆಯೋ ಹಂಗೆ ಒಂದು ಫೈಲಲ್ಲಿ ಬರೆದಿಡ್ಬೇಕು.”

ಶನಿವಾರ ಮತ್ತೆ ಕಲ್ಲುಮಂಟಿಗೆ ಹೋದಳು. ಈ ಸಲ ಅವಸರ ಮಾಡಲಿಲ್ಲ. ಕಿರಣ್‌ಕುಮಾರ್ ಫೋನಿನಲ್ಲಿ ಹೇಳಿದಂತೆ ಇಬ್ಬರೂ ಮೊದಲು ಆ ಕೆಟ್ಟ ಫೈಲನ್ನು ಹುಡುಕಿ ಅಳಿಸಿದರು. ಇಂಟರ್ನೆಟ್ಟಿನಿಂದ ಅರ್ಧಕ್ಕೇ ಇಳಿದು ನಿಂತಿದ್ದ ಯಾವುದೋ ಹಳೆಯ ಪ್ರಶ್ನೆಪತ್ರಿಕೆ ಅದು. ಪಟ್ಟಿ ಮಾಡುವವನಿಗೆ ಕಾಯಂ ರಜೆ ಕೊಟ್ಟರು. ಬೇಕಾದ ಆಜ್ಞೆಗಳನ್ನೆಲ್ಲ ಒಂದು ಫೈಲಿಗೆ ಸಾಲಾಗಿ ಬರೆದರು, ಮೌಸನ್ನು ಮಲಗಿಸುವ ಸಾಲೊಂದನ್ನು ಬಿಟ್ಟು. ನಿಖತ್ ಒಂದು ಬೆರಳಿನಲ್ಲಿ ಒಂದೊಂದೇ ಅಕ್ಷರ ಹೊಡೆದಳು. ಒಂದು ಕಡೆ ಜಾಗ ಬಿಡುವುದು ಮರೆತು ಕಪ್ಪು ಕಿಟಕಿ ಬೈಯಿತು. ಮತ್ತೆ ಮೊದಲಿನಿಂದ ಓದಿ ಸರಿಪಡಿಸಿದಳು. ಮೂಗಿನಯ್ಯ ಓದಲು ಶುರು ಮಾಡಿದ ಕೂಡಲೇ ಪರದೆ ತಾನಾಗಿಯೇ ಕಪ್ಪಾಗುವಂತೆಯೂ ಒಂದು ಸಾಲು ಸೇರಿತು. ಆಮೇಲೆ ಕಂಪ್ಯೂಟರನ್ನು ಆರಿಸಿ ಹತ್ತಿಸಿದರು. ಮೀಟರು ನಲವತ್ನಾಲ್ಕು. ಇನ್ನೊಂದು ಸಲ ಆರಿಸಿ ಹತ್ತಿಸಿದರು. ನಲವತ್ನಾಲ್ಕೇ.

ಅವತ್ತು ಕರೆಂಟ್ ಬಂದದ್ದು ಆರು ಗಂಟೆಗೆ. ಅಲ್ಲಿಯವರೆಗೂ ಯುಪಿಎಸ್ ಒಂದು ಸಲವೂ ಕೂಗಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ನಾಲ್ಕು ಗಂಟೆಯ ಓದು ಒಂದು ದಿನವೂ ನಿಲ್ಲಲಿಲ್ಲ. ಹೆಂಗಸರು ಐದಾರಿದ್ದದ್ದು ಹದಿನೈದಾಯಿತು. ಪೇಪರಿನ ಜೊತೆಗೆ ಕಥೆ ಪುಸ್ತಕವನ್ನೂ ಓದಿಸತೊಡಗಿದರು. ಮೂಗಿನಯ್ಯ ದುಃಖದ ಜಾಗವನ್ನೂ ಶುಂಠಿಯ ಧಾರಣೆಯ ಹಾಗೆ ಓದುತ್ತಾನೆಂದು ಸಣ್ಣತಾಯಮ್ಮನ ತಕರಾರು. ಕೆಲವು ಸಲ ಅವನನ್ನು ನಿಲ್ಲಿಸಿ, ಅವಳೇ ಅದೇ ಮಾತನ್ನು ತನ್ನ ರಾಗದಲ್ಲಿ ಹೇಳಿ, “ಈಗ ಓದ್ಲಿ ಮುಂದಕ್ಕೆ,” ಎನ್ನುತ್ತಾಳಂತೆ. ಪಂಚಾಯ್ತಿಯವರು ಹೊಸ ಬ್ಯಾಟರಿಯ ಮಾತು ಬಿಟ್ಟು ಚಾಪೆ ಕೊಡಿಸಿದರು.

ನಿಖತ್‌ಗೂ ಕೆಲಸ ಹೆಚ್ಚಿತು. ಬ್ಯಾಟರಿ ಹೋಗಿದೆ ಎಂದು ಯಾರೇ ಕರೆದರೂ ಈಗ ಅವಳು ಮೊದಲು ಪ್ಲಗ್ಗಿನ ಮೀಟರು ಸಿಕ್ಕಿಸುತ್ತಾಳೆ. ಕಂಪ್ಯೂಟರ್ ಇದ್ದರೆ, ಅದರೊಳಗೂ ಒಮ್ಮೆ ಇಣುಕುತ್ತಾಳೆ. ಕೊಪ್ಪದ ಒಂದು ಸ್ವೆಟರ್ ಅಂಗಡಿಯಲ್ಲಿ, ಪಿರಿಯಾಪಟ್ಟಣದ ಒಂದು ಫೋಟೊ ಸ್ಟುಡಿಯೋದಲ್ಲಿ ಹೀಗೇ ಆಯಿತು. ಎಲ್ಲ ಕಡೆಯೂ ಲಿನಕ್ಸ್ ಇರುವುದಿಲ್ಲ, ಎಲ್ಲ ಕಡೆಯೂ ಕರೆಂಟ್ ಕುಡಿಯುವ ಕಳ್ಳ ಸಿಗುವುದಿಲ್ಲ. ಬ್ಯಾಟರಿಯೇ ನಿಜವಾಗಿ ಸತ್ತಿದ್ದರೆ ಹಾಗೆಂದು ಹೇಳಿ ಹೊಸದು ಹಾಕುತ್ತಾಳೆ. ಅವಳು ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳುವವರು ಕಡಿಮೆ.

ಮೊನ್ನೆ ಅಂಗಡಿಗೆ ಬಂದ ಒಬ್ಬ ಗಿರಾಕಿ, “ಯಜಮಾನ್ರೇ, ನಮ್ಮ ಸೊಸೈಟಿಲಿ ಕಂಪ್ಯೂಟ್ರು ಬೇಗ ಆಫ್ ಆಗ್ತದೆ, ಒಸಿ ಬಂದು ನೋಡ್ತೀರಾ?” ಎಂದು ಉಮೈರನನ್ನು ಕೇಳಿದ.

ಉಮೈರ್ ಒಳಗಿನ ಕೋಣೆಯ ಕಡೆ ಕೈ ತೋರಿಸಿ, “ನನಗೆ ಅದು ಬರಲ್ಲ ಸ್ವಾಮಿ. ಮೇಡಂ ಪಿರಿಯಾಪಟ್ಟಣದಿಂದ ಈಗ ತಾನೇ ಬಂದ್ರು, ಊಟ ಮಾಡ್ತಾ ಇದಾರೆ. ಕೂತ್ಕೊಳಿ, ಅವರನ್ನೇ ಕೇಳಿ,” ಎಂದು ಕುರ್ಚಿ ಎಳೆದುಕೊಟ್ಟ.

ಒಳಗೆ ಮೀನಿನ ಸಾರಿನಲ್ಲಿ ಅನ್ನ ಕಲೆಸಿಕೊಳ್ಳುತ್ತಿದ್ದ ನಿಖತ್‌ಗೆ ಅದು ಕೇಳಿಸಿತು. ಅವಳು ಅವಸರ ಮಾಡಲಿಲ್ಲ. ಇನ್ನೊಂದು ಸೌಟು ಸಾರು ಬಡಿಸಿಕೊಂಡಳು.